ಹರಾಜಿನ ನಡುವೆ ಬಂದ ಬೋಣಿಗೆ

ದಾವಣಗೆರೆಯ ಪಿ.ಜೆ. ಬಡಾವಣೆಯ ನಮ್ಮ ಮನೆಯ ಮುಂಭಾಗದಲ್ಲಿ ಒಂದು ಅಂಗಡಿ ಕೋಣೆ ಇದೆ. ಅಪ್ಪಾಜಿ ಅಲ್ಲಿ ಬಟ್ಟೆ ವ್ಯಾಪಾರ ಮಾಡುತ್ತಿದ್ದರು. ಮಂಡಿನೋವು ಹೆಚ್ಚಾಗಿ, ಬಟ್ಟೆ ಸುತ್ತಿದ ಥಾನುಗಳನ್ನು ಎತ್ತಿ ಇಳಿಸುವುದು ಆಗದೆ, ಎರಡು ವರ್ಷದ ಹಿಂದೆ ಉಳಿದ ಸರಕನ್ನೆಲ್ಲ ಒಬ್ಬ ವ್ಯಾಪಾರಿಗೆ ಒಟ್ಟಿಗೆ ಕೊಟ್ಟು ಅಂಗಡಿ ಮುಚ್ಚಿದರು. ಮುಚ್ಚಿದರು ಎಂದರೆ ವ್ಯಾಪಾರ ನಿಲ್ಲಿಸಿದರು, ಅಷ್ಟೆ. ಷಟರ್ ಮಾತ್ರ ದಿನಾ ಬೆಳಿಗ್ಗೆ ಏಳುತ್ತಿತ್ತು. ಅಪ್ಪಾಜಿ ಕಸ ಹೊಡೆದು, ಬಾಗಿಲಿಗೆ ನೀರು ಹಾಕಿ, ಲಕ್ಷ್ಮಿಯ ಪಟಕ್ಕೆ ಊದಿನಕಡ್ಡಿ ಬೆಳಗಿ, ಖಾಲಿ ಕಪಾಟುಗಳ ಮುಂದೆ ಪೇಪರ್ ಓದುತ್ತ ಕೂರುತ್ತಿದ್ದರು. ದಾರಿಯಲ್ಲಿ ಹೋಗುವವರು ಒಳಗೆ ಇಣುಕಿ, ಏನೂ ಇಲ್ಲದ್ದನ್ನು ನೋಡಿ, ಕ್ಲಿನಿಕ್ ಯಾವ ಕಡೆ ಎಂದು ಕೇಳಿ ಹೋಗುತ್ತಿದ್ದರು.

ಈ ವರ್ಷ ಯುಗಾದಿ ಕಳೆದ ಮೇಲೆ ಆ ಕ್ಲಿನಿಕ್ಕಿನ ಕಡೆಯವರೇ ಔಷಧಿ ಅಂಗಡಿಗೆಂದು ನಮ್ಮ ಕೋಣೆಯನ್ನು ಬಾಡಿಗೆಗೆ ಕೇಳಿದರು. ಅಪ್ಪಾಜಿ ಒಪ್ಪುವುದರಲ್ಲಿದ್ದರು. ನಾನು ಅಡ್ಡ ಬಂದೆ. ಆ ಕೋಣೆ ನನಗೆ ಬೇಕಿತ್ತು.

ಬಿ.ಕಾಂ. ಮುಗಿಸಿದ ಮೇಲೆ ನಾನು ಇಂಟರ್‌ನೆಟ್ಟಿನ ಒಂದು ಹರಾಜು ತಾಣದಲ್ಲಿ ಹಳೆಯ ಸಾಮಾನು ಮಾರಲು ಶುರು ಮಾಡಿದ್ದೆ. ಮೊದಲು ಮನೆಯದೇ ಒಂದು ರೇಡಿಯೋ, ಆಮೇಲೆ ಪರಿಚಯದವರು ಕೊಟ್ಟದ್ದು. ಮಾರಿದ್ದರಲ್ಲಿ ನನಗೊಂದು ಪಾಲು. ಪೆಟ್ಟಿಗೆಗಳು ಹೆಚ್ಚಾಗಿ ದೇವರ ಕೋಣೆಯ ಪಕ್ಕದವರೆಗೂ ಬಂದಿದ್ದವು.

"ನಿಂಗ್ಯಾಕವ್ವ ಅಂಗಡಿ? ನಿನ್ನ ವ್ಯಾಪಾರ ಇರೋದು ಫೋನ್‌ನಾಗೆ," ಎಂದರು ಅಪ್ಪಾಜಿ.

"ಸಾಮಾನು ಇಡಾಕೆ, ಫೋಟೋ ತೆಗಿಯಾಕೆ, ಪಾರ್ಸೆಲ್ ಕಟ್ಟಾಕೆ ಜಾಗ ಬೇಕು ಅಪ್ಪಾಜಿ."

ಅಮ್ಮ ಒಳಗಿನಿಂದಲೇ, "ಕೊಟ್ಟುಬಿಡ್ರಿ ಅತ್ಲಾಗೆ. ನಿನ್ನೆ ಪೂಜೆಗೆ ಮಣೆ ಅಂತ ಕೂತ್ರೆ ಅದು ರಟ್ಟಿನ ಡಬ್ಬ," ಎಂದಳು.

ಅಪ್ಪಾಜಿ ನಗಲಿಲ್ಲ. "ಗಿರಾಕಿ ಮುಖ ಇಲ್ಲ, ಕೈಯಾಗೆ ಸರಕು ಹಿಡಿಯಾಂಗಿಲ್ಲ. ಇದು ವ್ಯಾಪಾರನೋ ಹೊತ್ತು ಕಳಿಯೋದೋ ನಂಗೆ ತಿಳಿವಲ್ದು. ದೀಪಾವಳಿ ತನಕ ನೋಡ್ತೀನಿ. ಅಷ್ಟ್ರಾಗೆ ನೀನು ವ್ಯಾಪಾರಸ್ಥೆ ಅಂತ ಆ ನಿನ್ನ ಕಂಪನಿಯವ್ರೇ ಬರ್ಕೊಡ್ಲಿ. ಇಲ್ಲಾಂದ್ರೆ ಕೀಲಿಕೈ ಅವ್ರಿಗೆ."

ಅವರು ಹಾಗೆ ಕೇಳಿದ್ದಕ್ಕೆ ಕಾರಣವಿತ್ತು. ಆ ತಾಣದಲ್ಲಿ ಮಾರುವವರು ಎರಡು ಬಗೆ. ಮನೆಯ ಅಟ್ಟ ಖಾಲಿ ಮಾಡುವಾಗ ಸಿಕ್ಕಿದ್ದನ್ನು ಮಾರುವವರು ಸಾಮಾನ್ಯ ಮಾರಾಟಗಾರರು. ಅದನ್ನೇ ಕಸುಬು ಮಾಡಿಕೊಂಡವರು ವೃತ್ತಿ ಮಾರಾಟಗಾರರು. ಅವರ ಹೆಸರಿನ ಮುಂದೆ ಒಂದು ನೀಲಿ ಗುರುತು ಇರುತ್ತದೆ. ಸಾಮಾನ್ಯರು ತಿಂಗಳಿಗೆ ಇಷ್ಟೇ ಸಾಮಾನು ಇಡಬಹುದು ಎಂಬ ಮಿತಿಯಿದೆ, ನೀಲಿ ಗುರುತಿನವರಿಗೆ ಅದಿಲ್ಲ. ಆ ಗುರುತು ಸಿಗಬೇಕಾದರೆ ಆರು ತಿಂಗಳು ಸತತವಾಗಿ ಮಾರಬೇಕು, ಆ ಆರು ತಿಂಗಳಲ್ಲಿ ಶುರುವಾದ ಒಂದು ಹರಾಜನ್ನೂ ನಡುವೆ ರದ್ದು ಮಾಡಿರಬಾರದು. ಒಂದು ಸಲ ರದ್ದು ಮಾಡಿದರೆ ಆರು ತಿಂಗಳ ಎಣಿಕೆ ಮತ್ತೆ ಮೊದಲಿನಿಂದ. ನನ್ನ ಲೆಕ್ಕ ದೀಪಾವಳಿಗೆ ಸ್ವಲ್ಪ ಮುಂಚೆ ಮುಗಿಯುವುದರಲ್ಲಿತ್ತು. ಅಂದರೆ ಒಂದು ತಪ್ಪಿಗೂ ಜಾಗವಿರಲಿಲ್ಲ.

ನನಗೆ ಹೈಸ್ಕೂಲಿನಿಂದಲೂ ಬರೆದಿಡುವ ಅಭ್ಯಾಸ. ಜೂನ್ ತಿಂಗಳ ಪೂರ್ತಿ ನನ್ನ ದಿನಚರಿಯಲ್ಲಿ ಬೇರೆ ವಿಷಯವೇ ಇಲ್ಲ. ಹಾಳೆಯ ನಡುವೆ ಗೀಟು ಎಳೆದು, ಎಡಗಡೆ ಸಾಮಾನ್ಯರನ್ನು, ಬಲಗಡೆ ನೀಲಿ ಗುರುತಿನವರನ್ನು ಬರೆಯುತ್ತ ಹೋದೆ. ಎರಡೂ ಕಡೆ ನಲವತ್ತು ನಲವತ್ತು ಜನ. ಯಾರು ಏನು ಬರೆಯುತ್ತಾರೆ, ಫೋಟೋ ಹೇಗೆ ತೆಗೆಯುತ್ತಾರೆ, ಹರಾಜು ಯಾವ ಹೊತ್ತಿಗೆ ಮುಗಿಸುತ್ತಾರೆ ಎಂದು ನೋಡಿದೆ.

ಎಡಗಡೆಯವರ ಫೋಟೋಗಳಲ್ಲಿ ಸಾಮಾನಿಗಿಂತ ಮನೆ ಹೆಚ್ಚು ಕಾಣುತ್ತಿತ್ತು. ಹೂವಿನ ಬೆಡ್‌ಶೀಟು, ಕಾಲಿನ ಹೆಬ್ಬೆರಳು, ಹಿಂದೆ ಅಳುತ್ತಿರುವ ಮಗು. ಒಬ್ಬರು ಉಜ್ಜಿ ಉಜ್ಜಿ ಬೆಳಗಿದ ಹಿತ್ತಾಳೆ ಕೊಡ ಇಟ್ಟಿದ್ದರು. ಅದರ ಹೊಟ್ಟೆಯಲ್ಲಿ ಬನಿಯನ್ ತೊಟ್ಟ ಅವರೇ ಫೋಟೋ ತೆಗೆಯುತ್ತ ನಿಂತಿದ್ದರು. 'ಅಪರೂಪ' ಎಂಬ ಪದ ಎಡಗಡೆ ಮೂವತ್ತೊಂದು ಕಡೆ ಸಿಕ್ಕಿತು, ಬಲಗಡೆ ಎರಡೇ ಕಡೆ. ಸಾಮಾನ್ಯರು ವಸ್ತು ತಮ್ಮ ಕೈಗೆ ಹೇಗೆ ಬಂತು, ಈಗ ಯಾಕೆ ಮಾರುತ್ತಿದ್ದೇವೆ ಎಂಬುದನ್ನೆಲ್ಲ ಹೇಳಿಕೊಳ್ಳುತ್ತಾರೆ. ಎಷ್ಟು ಇಂಚು ಉದ್ದ ಎಂಬುದನ್ನು ಮಾತ್ರ ಹೇಳುವುದಿಲ್ಲ. ನೀಲಿ ಗುರುತಿನವರು ಬಿಳಿ ಬಟ್ಟೆಯ ಮೇಲೆ ವಸ್ತು ಇಟ್ಟು, ಪಕ್ಕದಲ್ಲಿ ಅಳತೆಪಟ್ಟಿ ಇಟ್ಟು, ಸೀಳು ಎಲ್ಲಿದೆಯೋ ಅದರ ಫೋಟೋವನ್ನೇ ಮೊದಲು ಹಾಕುತ್ತಾರೆ. ಕಡಿಮೆ ಬೆಲೆಯಿಂದ ಶುರು ಮಾಡುತ್ತಾರೆ. ಜನ ಮನೆಯಲ್ಲಿ ಕೂತಿರುವ ಭಾನುವಾರ ಸಂಜೆಗೆ ಮುಗಿಸುತ್ತಾರೆ. ಸಾಮಾನ್ಯರು ತಮಗೆ ಯಾವಾಗ ಬಿಡುವಾಯಿತೋ ಆಗ ಶುರು ಮಾಡುತ್ತಾರೆ, ಹಾಗಾಗಿ ಅವರ ಹರಾಜು ಯಾರೂ ನೋಡದ ಮಂಗಳವಾರ ಮಧ್ಯಾಹ್ನ ಮುಗಿದುಹೋಗುತ್ತದೆ.

ಎಲ್ಲಕ್ಕಿಂತ ದೊಡ್ಡ ವ್ಯತ್ಯಾಸ ಇನ್ನೊಂದು. ಸಾಮಾನ್ಯರಲ್ಲಿ ಒಂಬತ್ತು ಜನ ಹರಾಜನ್ನು ನಡುವೆಯೇ ನಿಲ್ಲಿಸಿದ್ದರು. ಬೆಲೆ ಏರದೆ ಹೆದರಿ ಕೆಲವರು, ಏರುವುದನ್ನು ನೋಡಿ ಆಸೆಯಾಗಿ ಕೆಲವರು. 'ಮನೆಯಲ್ಲಿ ಬೇಡ ಅಂದರು' ಎಂದು ಬರೆದವರು ಇಬ್ಬರು. ಬಲಗಡೆಯವರಲ್ಲಿ ಒಬ್ಬರೂ ನಿಲ್ಲಿಸಿರಲಿಲ್ಲ. ಬೆಲೆ ಬರಲಿ ಬಿಡಲಿ, ಹೇಳಿದ ಗಳಿಗೆಯವರೆಗೆ ಅವರು ಕಾಯುತ್ತಾರೆ. ಆ ದಿನ ದಿನಚರಿಯಲ್ಲಿ ಅದೊಂದನ್ನೇ ಕೆಂಪು ಶಾಯಿಯಲ್ಲಿ ಬರೆದೆ: ಶುರು ಮಾಡಿದ್ದನ್ನು ಮುಗಿಸುವುದು.

ಅಪ್ಪಾಜಿ ಆ ಹಾಳೆ ನೋಡಿ, "ಇದ್ರಾಗೆ ನಾನು ಯಾವ ಕಡೆ?" ಎಂದು ಕೇಳಿದರು.

"ನೀವು ಬಲಗಡೆ."

"ಮತ್ತಿನ್ನೇನು," ಎಂದು ಹಾಳೆ ವಾಪಸು ಕೊಟ್ಟರು.

ಸೆಪ್ಟೆಂಬರಿನಲ್ಲಿ ಮಲೆಬೆನ್ನೂರಿನಿಂದ ಕರೆ ಬಂತು. ಅಮ್ಮನಿಗೆ ಪರಿಚಯದ, ಕೆಲಸದಿಂದ ನಿವೃತ್ತರಾದ ಒಬ್ಬ ಟೀಚರಮ್ಮ. ಅವರ ತಂದೆ ದಾವಣಗೆರೆಯ ಒಂದು ಹತ್ತಿ ಗಿರಣಿಯಲ್ಲಿ ಥಾನು ಕಟ್ಟುವ ವಿಭಾಗದಲ್ಲಿದ್ದರಂತೆ. ಆಗ ಪ್ರತಿ ಥಾನಿಗೂ ಒಂದು ಬಣ್ಣದ ಚೀಟಿ ಅಂಟಿಸುತ್ತಿದ್ದರು. ಓದು ಬಾರದ ಗಿರಾಕಿ ಚಿತ್ರ ನೋಡಿಯೇ ಬಟ್ಟೆ ಗುರುತಿಸಬೇಕು: ಗಿಣಿ ಇದ್ದರೆ ಒಂದು ನಮೂನೆ, ಆನೆ ಇದ್ದರೆ ಒಂದು, ವೀಣೆ ಹಿಡಿದ ಸರಸ್ವತಿ ಇದ್ದರೆ ಇನ್ನೊಂದು. ಉಳಿದ ಚೀಟಿಗಳನ್ನು ಆ ತಂದೆ ಮಕ್ಕಳಿಗೆಂದು ಮನೆಗೆ ತಂದಿದ್ದರು. ಮಕ್ಕಳು ಅವನ್ನು ಎಲ್ಲೂ ಅಂಟಿಸಲಿಲ್ಲ. ದಾರ ಕಟ್ಟಿದ ಕಟ್ಟು ಕಟ್ಟಾಗಿಯೇ ಟ್ರಂಕಿನಲ್ಲಿ ಉಳಿದಿತ್ತು.

"ಒಂದಿಷ್ಟು ಮೊನ್ನೆ ರದ್ದಿಯೋನಿಗೆ ಹಾಕ್ದೆ," ಎಂದರು ಟೀಚರಮ್ಮ, ನಾನು ಅವರ ಮನೆಗೆ ಹೋದಾಗ ಟ್ರಂಕು ತೆರೆಯುತ್ತ. "ಅವ್ನು ಮಾರನೇ ದಿನ ಇಸ್ತ್ರಿ ಅಂಗಿ ಹಾಕ್ಕೊಂಡು ಬಂದು, ಇನ್ನೂ ಅದಾವೇನ್ರಿ ಅಂದ. ಅವಾಗ ನಂಗೆ ಅನುಮಾನ ಬಂತು."

"ಎಷ್ಟು ಬರಬೋದು ಅಂತ ಅನ್ಕೊಂಡಿದೀರಿ?"

"ನಾನು ಬೆಲೆ ಹೇಳಲ್ಲ, ನೀನೂ ಹೇಳ್ಬ್ಯಾಡ. ಎಲ್ಲಾರೂ ನೋಡಾಂಗೆ ಇಡು. ಯಾರೋ ಒಬ್ಬ ಬಂದು ಮೂಲೆಯಾಗೆ ಕೇಳಿದ ಅಂತ ಕೊಡಬ್ಯಾಡ. ಕೊನೆ ತನಕ ಇಡು. ಮಾತು ಕೊಡು."

ಕೊಟ್ಟೆ. ಮನೆಗೆ ಬಂದು ಬಿಳಿ ಬಟ್ಟೆ ಹಾಸಿ ಎರಡು ದಿನ ಫೋಟೋ ತೆಗೆದೆ. ಹುಳ ತಿಂದ ಮೂಲೆಗಳನ್ನು ಮೊದಲು ಹಾಕಿದೆ. 'ಅಪರೂಪ' ಎಂದು ಬರೆಯಲು ಕೈ ತುರಿಸಿತು, ಬರೆಯಲಿಲ್ಲ. ಭಾನುವಾರ ಸಂಜೆ ಶುರುವಾಗಿ ಮುಂದಿನ ಭಾನುವಾರ ಸಂಜೆ ಮುಗಿಯುವಂತೆ ಇಟ್ಟೆ. ಒಂದು ವಿಷಯದಲ್ಲಿ ಮಾತ್ರ ಅಪ್ಪಾಜಿಯ ಮಾತು ಕೇಳಿದೆ. "ಅಂಗಡಿ ಅಂದ್ಮ್ಯಾಲೆ ಫೋನ್ ನಂಬರ್ ಇರ್ಬೇಕವ್ವ. ಬೋರ್ಡಿನ ಮ್ಯಾಲೆ ನಂಬರ್ ಇಲ್ದಿದ್ರೆ ಜನ ಹೆಂಗೆ ನಂಬ್ತಾರೆ?" ಎಂದಿದ್ದರು. ವಿವರಣೆಯ ಕೆಳಗೆ ನನ್ನ ವ್ಯಾಪಾರದ ಫೋನಿನ ನಂಬರ್ ಹಾಕಿದ್ದೆ.

ಮಂಗಳವಾರದ ಹೊತ್ತಿಗೆ ಹನ್ನೊಂದು ಜನ ಬಿಡ್ ಹಾಕಿದ್ದರು. ಬೆಲೆ ಇನ್ನೂ ಕೆಳಗೇ ಇತ್ತು, ಆದರೆ ನನಗೆ ಚಿಂತೆಯಿರಲಿಲ್ಲ. ಕೊನೆಯ ಸಂಜೆಯೇ ಬೆಲೆ ಏಳುವುದು ಎಂದು ಜೂನ್ ತಿಂಗಳ ಹಾಳೆಗಳು ಹೇಳಿದ್ದವು.

ಟೀಚರಮ್ಮ ಇನ್ನೊಂದು ಕಟ್ಟು ಸಿಕ್ಕಿದೆ ಎಂದದ್ದಕ್ಕೆ ಬುಧವಾರ ಬೆಳಿಗ್ಗೆ ಮೊದಲ ಬಸ್ಸಿಗೇ ಮಲೆಬೆನ್ನೂರಿಗೆ ಹೋದೆ. ವ್ಯಾಪಾರದ ಫೋನನ್ನು ಅಂಗಡಿ ಕೋಣೆಯಲ್ಲಿ ಚಾರ್ಜಿಗೆ ಹಾಕಿ ಬಿಟ್ಟಿದ್ದೆ.

ಮಧ್ಯಾಹ್ನ ವಾಪಸು ಬಂದಾಗ ಅಪ್ಪಾಜಿ ಅಂಗಡಿಯಲ್ಲಿ ಹಬ್ಬದ ಬಿಳಿ ಅಂಗಿ ತೊಟ್ಟು ಕೂತಿದ್ದರು. ಅಮ್ಮ ಕೇಸರಿಬಾತ್ ಮಾಡಿದ್ದಳು.

"ಏನು ವಿಶೇಷ?"

"ವ್ಯಾಪಾರ ಆತು," ಎಂದರು ಅಪ್ಪಾಜಿ. "ನಿನ್ನ ಚೀಟಿ ಕೊಟ್ಟುಬಿಟ್ಟೆ."

ಬೆಳಿಗ್ಗೆ ಅವರು ಊದಿನಕಡ್ಡಿ ಬೆಳಗಿ ಇನ್ನೂ ಪಟದ ಮುಂದೆ ಕೈ ಮುಗಿದುಕೊಂಡಿದ್ದಾಗಲೇ ಫೋನ್ ಬಂತಂತೆ. ಹರಿಹರದಿಂದ ಒಬ್ಬರು, ಅಲ್ಲಿನ ಹಳೇ ಪೇಟೆಯಲ್ಲಿ ಹಳೆಯ ಸಾಮಾನಿನ ಅಂಗಡಿ ಇಟ್ಟವರು. ಅಂಗಡಿಯವರಾ ಎಂದು ಕೇಳಿದರಂತೆ. ಹೌದು ಎಂದರಂತೆ ಅಪ್ಪಾಜಿ. ಚೀಟಿಗಳು ನನಗೆ ಬೇಕು, ಈಗ ನಿಂತಿರುವ ಬೆಲೆಗಿಂತ ಸ್ವಲ್ಪ ಮೇಲೆ ಕೊಡುತ್ತೇನೆ, ನಾಳೆ ಸಂಜೆ ನಾನೇ ಬಂದು ತಗೊಂಡು ಹೋಗುತ್ತೇನೆ, ಬೋಣಿಗೆ ಹೊತ್ತಲ್ಲಿ ಕೇಳುತ್ತಿದ್ದೇನೆ, ಇಲ್ಲ ಅನ್ನಬೇಡಿ ಎಂದರಂತೆ.

ನಮ್ಮ ಕಡೆಯ ಅಂಗಡಿಗಳಲ್ಲಿ ಬೋಣಿಗೆ ಎಂದರೆ ದಿನದ ಮೊದಲ ವ್ಯಾಪಾರ. ಆ ಗಿರಾಕಿಯನ್ನು ಬರಿಗೈಯಲ್ಲಿ ಕಳಿಸುವುದಿಲ್ಲ. ಕಳಿಸಿದರೆ ಆ ದಿನವೆಲ್ಲ ವ್ಯಾಪಾರ ಕುಂಟುತ್ತದೆ ಎಂಬ ನಂಬಿಕೆ. ಅಪ್ಪಾಜಿ ನಷ್ಟ ಮಾಡಿಕೊಂಡಾದರೂ ಮೊದಲ ಗಿರಾಕಿಗೆ ಒಂದು ಕರವಸ್ತ್ರವನ್ನಾದರೂ ಕೊಟ್ಟು ಕಳಿಸುತ್ತಿದ್ದರು. ಇದು ನನಗೆ ಚಿಕ್ಕಂದಿನಿಂದ ಗೊತ್ತಿದ್ದ ವಿಷಯ. ಆ ಕ್ಷಣದಲ್ಲಿ ಹೊಳೆದದ್ದು ಬೇರೆ. ಎರಡು ವರ್ಷದಿಂದ ದಿನಾ ಷಟರ್ ಎತ್ತಿದ ಅಂಗಡಿಗೆ ಬಂದ ಮೊದಲ ಗಿರಾಕಿ ಅದು.

ಹಾಗಾಗಿ ನಾನು ಕೂಗಾಡಲಿಲ್ಲ. ಚಪ್ಪಲಿ ಬಿಟ್ಟು ಎದುರಿಗೆ ಕೂತೆ.

"ಅಪ್ಪಾಜಿ, ಅದು ಹರಾಜಿನಾಗೆ ಐತೆ. ಭಾನುವಾರ ತನಕ ಯಾರಿಗೂ ಕೊಡಾಂಗಿಲ್ಲ."

"ಮಾತು ಕೊಟ್ಟಾತು."

"ಈಗ ಅವ್ರಿಗೆ ಕೊಟ್ರೆ ಹರಾಜು ರದ್ದು ಮಾಡ್ಬೇಕು. ರದ್ದು ಮಾಡಿದ್ರೆ ನನ್ನ ಆರು ತಿಂಗಳು ಹೋಗ್ತಾವೆ. ದೀಪಾವಳಿಗೆ ನಾನು ಏನೂ ತೋರ್ಸಾಕೆ ಆಗಲ್ಲ."

ಅದು ಅವರಿಗೆ ಗೊತ್ತಿರಲಿಲ್ಲ. ಕೇಸರಿಬಾತಿನ ತಟ್ಟೆ ಪಕ್ಕಕ್ಕೆ ಸರಿಸಿದರು. "ಅಂಗಡಿ ಬೇಕಾದ್ರೆ ನಿಂಗೇ ಕೊಡ್ತೀನಿ ಬಿಡು, ಆ ನೀಲಿ ಗುರುತು ಇಲ್ದಿದ್ರೂ ಕೊಡ್ತೀನಿ. ಮಾತು ಮಾತ್ರ ತಿರುಗ್ಸಲ್ಲ," ಎಂದರು.

ಬೇಕಾಗಿದ್ದದ್ದು ಸಿಕ್ಕಂತೆ ಆಗಿತ್ತು. ಒಪ್ಪಿಬಿಟ್ಟರೆ ಮುಗಿಯುತ್ತಿತ್ತು. ಆದರೆ ಹಾಗೆ ಸಿಕ್ಕ ಕೋಣೆಯಲ್ಲಿ ನಾನು ಅಪ್ಪನ ಕರುಣೆಯ ಮೇಲೆ ಕೂತಿರುವ ಹುಡುಗಿಯಾಗುತ್ತಿದ್ದೆ, ವ್ಯಾಪಾರಸ್ಥೆಯಾಗುತ್ತಿರಲಿಲ್ಲ. ತಿಂಗಳಿಗೆ ನಾಲ್ಕು ಸಾಮಾನಿನ ಮಿತಿ ಇಟ್ಟುಕೊಂಡು ಅಷ್ಟು ದೊಡ್ಡ ಕೋಣೆಯಲ್ಲಿ ಏನು ಮಾಡುವುದು?

"ಬ್ಯಾಡ ಅಪ್ಪಾಜಿ. ಗುರುತು ಸಿಕ್ಕ ಮ್ಯಾಲೇ ಕೊಡ್ರಿ. ಈ ಹರಾಜು ನಾನು ನಿಲ್ಸಲ್ಲ. ಸರಕು ನಮ್ದಲ್ಲ, ಟೀಚರಮ್ಮಂದು. ಅವ್ರಿಗೆ ನಾನು ಮಾತು ಕೊಟ್ಟೀನಿ. ಬಿಡ್ ಹಾಕಿದ ಹನ್ನೊಂದು ಜನಕ್ಕೆ ಭಾನುವಾರ ಅಂತ ಮಾತು ಕೊಟ್ಟೀನಿ. ನಿಮ್ದು ಒಂದು ಮಾತು, ನನ್ದು ಹನ್ನೆರಡು."

"ಮಾತನ್ನ ಯಾರಾದ್ರೂ ಎಣಿಸ್ತಾರೇನೆ?"

"ನಾನು ಎಣಿಸ್ತೀನಿ."

ಅಮ್ಮ ಬಾಗಿಲಲ್ಲಿ ನಿಂತು, "ಕೇಸರಿಬಾತ್ ಯಾರೂ ತಿನ್ನಲ್ಲ ಅಂದ್ರೆ ಪಕ್ಕದ ಮನಿಗೆ ಕೊಡ್ತೀನಿ. ಅವ್ರಿಗೂ ಬೋಣಿಗೆ ಆಗ್ಲಿ," ಎಂದಳು.

ಫೋನಿನಲ್ಲೇ ಆ ಮನುಷ್ಯರಿಗೆ ಹೇಳಿಬಿಡುತ್ತೇನೆ ಎಂದೆ. ಅಪ್ಪಾಜಿ ಒಪ್ಪಲಿಲ್ಲ. "ಇಲ್ಲ ಅನ್ನೋದಾದ್ರೆ ಮುಖ ನೋಡಿ ಅನ್ನಬೇಕು. ನೀನು ಅನ್ನು. ನಾನು ಅನ್ನಲ್ಲ, ಆದ್ರೆ ಬರ್ತೀನಿ." ಹರಿಹರದವರು ಮರುದಿನ ಸಂಜೆ ಬಂದು ನಮ್ಮ ಬಾಗಿಲಲ್ಲಿ ನಿಲ್ಲುವ ಮೊದಲೇ ನಾವು ಹೋಗಬೇಕು ಎಂದು ತೀರ್ಮಾನವಾಯಿತು. ಬೆಳಿಗ್ಗೆ ಬೇಗ ಹೊರಡೋಣ, ಅವರು ಅಂಗಡಿ ತೆಗೆಯುವ ಹೊತ್ತಿಗೆ ಅಲ್ಲಿರೋಣ ಎಂದೆ. ಯಾಕಷ್ಟು ಬೇಗ ಎಂದು ಅಪ್ಪಾಜಿ ಕೇಳಲಿಲ್ಲ.

ಗುರುವಾರ ಹರಿಹರದ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತ ಅಪ್ಪಾಜಿ ಅರ್ಧ ದಾರಿಯಲ್ಲಿ ನನ್ನ ಕಡೆ ತಿರುಗಿದರು. 

"ಏನಂತ ಹೇಳ್ತಿ?"

"ಹರಾಜು ನಿಲ್ಸಲ್ಲ ಅಂತ."

"ಅವ್ರು ಒಪ್ಪದಿದ್ರೆ?"

"ಆದ್ರೂ ನಿಲ್ಸಲ್ಲ. ಒಪ್ಪಿದ್ರೆ ನಿಮ್ಗೆ ಸಮಾಧಾನ ಅಂತ ಹೋಗ್ತಿರೋದು."

ಹಳೇ ಪೇಟೆಯ ಒಂದು ಓಣಿಯಲ್ಲಿ ಆ ಅಂಗಡಿ ಸಿಕ್ಕಿತು. ಐವತ್ತರ ಆಸುಪಾಸಿನ, ಮೂಗಿನ ತುದಿಯಲ್ಲಿ ಕನ್ನಡಕ ಇಟ್ಟುಕೊಂಡ ಒಬ್ಬರು ಆಗಷ್ಟೇ ಷಟರ್ ಎತ್ತಿ ಹೊಸ್ತಿಲಿಗೆ ನೀರು ಹಾಕುತ್ತಿದ್ದರು. ನಾವು ಯಾರೆಂದು ಹೇಳಿದಾಗ ಮುಖ ಅರಳಿತು.

"ಅಯ್ಯ, ನಾನೇ ಸಂಜೆ ಬರೋನಿದ್ದೆ. ಬರ್ರಿ ಯಜಮಾನ್ರೆ, ಕೂಡ್ರಿ. ತಂಗಿ, ನೀನೂ ಕೂಡವ್ವ."

ಒಳಗೆ ಗೋಡೆ ತುಂಬ ನಂಬರ್ ಬರೆದ ರಟ್ಟಿನ ಪೆಟ್ಟಿಗೆಗಳು. ಮೂಲೆಯ ಮೇಜಿನ ಮೇಲೆ ಬಿಳಿ ಬಟ್ಟೆ, ಅದರ ಅಂಚಿಗೆ ಕಪ್ಪು ಅಳತೆಪಟ್ಟಿ. ಆ ಬಟ್ಟೆಯ ಎಡ ಮೂಲೆಯಲ್ಲಿ ಒಂದು ಸಣ್ಣ ಹೊಲಿಗೆ ಇತ್ತು. ಆ ಹೊಲಿಗೆಯನ್ನು ನಾನು ಜೂನ್ ತಿಂಗಳಲ್ಲಿ ಹತ್ತಾರು ಫೋಟೋಗಳಲ್ಲಿ ನೋಡಿದ್ದೆ. ನನ್ನ ಹಾಳೆಯ ಬಲಗಡೆ ಇದ್ದ ನಲವತ್ತು ಜನರಲ್ಲಿ ಇವರೂ ಒಬ್ಬರು. ಇವರ ವಿವರಣೆಗಳನ್ನು ನೋಡಿಯೇ ನಾನು ಬರೆಯುವುದನ್ನು ಕಲಿತಿದ್ದೆ.

ನಾನು ಸುತ್ತಿ ಬಳಸಲಿಲ್ಲ. "ಸಾರ್, ನಮ್ಮ ಅಪ್ಪಾಜಿಗೆ ಹರಾಜಿನ ನಿಯಮ ಗೊತ್ತಿರ್ಲಿಲ್ಲ. ಚೀಟಿ ಭಾನುವಾರಕ್ಕೆ ಮುಂಚೆ ಕೊಡಾಕೆ ಆಗಲ್ಲ. ನಿಮ್ಗೆ ಬೇಕಿದ್ರೆ ಅಲ್ಲೇ ಬಿಡ್ ಹಾಕ್ರಿ."

ಅವರು ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸಿದರು. "ನಿಯಮ ನಂಗೂ ಗೊತ್ತವ್ವ. ಹತ್ತು ವರ್ಷ ಆತು ಇದ್ರಾಗೆ. ನಾನು ಕೇಳಿದೆ, ಯಜಮಾನ್ರು ಕೊಟ್ರು. ಕೇಳೋದು ನನ್ನ ಕಸುಬು."

"ಎಲ್ಲಾರಿಗೂ ಹಿಂಗೇ ಫೋನ್ ಮಾಡ್ತೀರಾ?"

"ನಂಬರ್ ಹಾಕಿದೋರಿಗೆ ಮಾಡ್ತೀನಿ. ನಂಬರ್ ಹಾಕೋರು ಹೊಸಬ್ರು. ಹಳಬ್ರು ಯಾರೂ ಹಾಕಲ್ಲ, ನೋಡು ಬೇಕಾದ್ರೆ." ಅವರ ದನಿಯಲ್ಲಿ ಮುಚ್ಚುಮರೆ ಇರಲಿಲ್ಲ, ಪಾಠ ಹೇಳುವವರ ಸಡಗರವೇ ಇತ್ತು. "ಅದ್ರಾಗೂ ಅಂಗಡಿ ಮನೆತನದೋರು ಅಂತ ಅನ್ನಿಸಿದ್ರೆ ಬೆಳಿಗ್ಗೆ ಎಂಟರ ಹೊತ್ತಿಗೆ ಮಾಡ್ತೀನಿ. ಬೋಣಿಗೆ ಅಂದ್ರೆ ಅವ್ರ ಬಾಯಾಗೆ ಇಲ್ಲ ಅನ್ನೋದು ಬರಲ್ಲ."

ಅಪ್ಪಾಜಿ ಗೋಡೆಯ ಪೆಟ್ಟಿಗೆಗಳನ್ನು ನೋಡುತ್ತಿದ್ದವರು ತಿರುಗಿದರು. "ಹೊತ್ತು ನೋಡಿ ಮಾಡಿದ್ರಾ?"

"ಹೌದ್ರಿ ಯಜಮಾನ್ರೆ. ತಪ್ಪೇನೈತಿ?"

"ನಾನು ಲಕ್ಷ್ಮಿ ಪಟದ ಮುಂದೆ ನಿಂತಿದ್ದೆ," ಎಂದರು ಅಪ್ಪಾಜಿ. ಅಷ್ಟೇ ಹೇಳಿದರು.

ಅಂಗಡಿಯವರಿಗೆ ಇದು ಸ್ವಲ್ಪ ತಾಗಿತು ಅನ್ನಿಸುತ್ತದೆ. ಆದರೂ ಬಿಡಲಿಲ್ಲ. "ಹೆಂಗೇ ಆಗ್ಲಿ, ಮಾತು ಮಾತೇ ಅಲ್ವೇನ್ರಿ? ನೀವೇ ಹೇಳ್ರಿ."

"ಮಾತೇ," ಎಂದರು ಅಪ್ಪಾಜಿ.

ಅಂಗಡಿಯವರು ನನ್ನ ಕಡೆ ನೋಡಿ, ಇನ್ನೇನು ಹೇಳುತ್ತೀ ಎನ್ನುವಂತೆ ಕೈ ತೆರೆದರು. ಹರಾಜಿನ ಹೊರಗೆ ಕೊಳ್ಳುವುದು ಕೂಡ ತಪ್ಪು, ನೀವು ಫೋನ್ ಮಾಡಿದ್ದನ್ನು ತಾಣದವರಿಗೆ ತಿಳಿಸುತ್ತೇನೆ ಎಂದು ಹೇಳಬಹುದಿತ್ತು. ನಾಲಿಗೆಯ ತುದಿಯಲ್ಲಿತ್ತು. ಆದರೆ ಹಾಗೆ ಹೆದರಿಸಿ ಗೆದ್ದರೆ ಅಪ್ಪಾಜಿ ಕೊಟ್ಟ ಮಾತು ಅಲ್ಲೇ ಬಿದ್ದಿರುತ್ತಿತ್ತು. ಅದನ್ನು ಎತ್ತಿಕೊಂಡು ಹೋಗುವ ದಾರಿ ಬೇರೆ ಇತ್ತು. ಅದಕ್ಕೇ ನಾನು ಇಷ್ಟು ಬೇಗ ಬಂದದ್ದು.

"ಸಾರ್, ಇವತ್ತು ನಿಮ್ಮ ಅಂಗಡಿಗೆ ನಮಗಿಂತ ಮುಂಚೆ ಯಾರಾದ್ರೂ ಬಂದಿದ್ರಾ?"

"ಇಲ್ಲ. ಈಗ ಬಾಗ್ಲು ತೆಗ್ದೀನಲ್ಲ."

ಪರ್ಸಿನಿಂದ ಒಂದು ನಾಣ್ಯ ತೆಗೆದು ಬಿಳಿ ಬಟ್ಟೆಯ ಮೇಲೆ ಇಟ್ಟೆ.

"ಹಂಗಾದ್ರೆ ನಾನೇ ಬೋಣಿಗೆ ಗಿರಾಕಿ. ನಮ್ಮ ಅಪ್ಪಾಜಿ ನಿನ್ನೆ ಕೊಟ್ಟ ಮಾತು ನಿಮ್ಮ ಹತ್ರ ಐತೆ. ಅದು ನಂಗೆ ಬೇಕು. ಇಲ್ಲ ಅನ್ಬ್ಯಾಡ್ರಿ."

ಅವರು ನಾಣ್ಯ ನೋಡಿದರು, ನನ್ನನ್ನು ನೋಡಿದರು. ಹಿಂದೆ ಪಟದ ಮುಂದೆ ಹಚ್ಚಿದ ಊದಿನಕಡ್ಡಿ ಇನ್ನೂ ಕಾಲು ಭಾಗವೂ ಉರಿದಿರಲಿಲ್ಲ. ಬೀದಿಯಲ್ಲಿ ಹಾಲಿನ ಕ್ಯಾನಿನ ಬೈಕೊಂದು ಹೋಯಿತು. ಅಪ್ಪಾಜಿ ನೆಲ ನೋಡುತ್ತ ಕೂತಿದ್ದರು.

"ಇದಕ್ಕೆ ನನ್ನ ಕಡೆ ರೇಟ್ ಇಲ್ಲ ತಂಗಿ," ಎಂದರು ಕೊನೆಗೆ.

"ಬೋಣಿಗೆಗೆ ರೇಟ್ ನೋಡ್ತಾರಾ?"

ಅವರು ನಗಲು ಶುರು ಮಾಡಿದವರು ನಡುವೆ ನಿಲ್ಲಿಸಿದರು. ನಾಣ್ಯ ಎತ್ತಿ ಎರಡೂ ಕಣ್ಣಿಗೆ ಒತ್ತಿಕೊಂಡರು, ಗಲ್ಲಾ ಪೆಟ್ಟಿಗೆಗೆ ಹಾಕಿದರು. ಅದು ಅಭ್ಯಾಸಬಲವೋ ನಂಬಿಕೆಯೋ ನನಗೆ ತಿಳಿಯಲಿಲ್ಲ. "ತಗೊಳ್ರಿ ಯಜಮಾನ್ರೆ, ನಿಮ್ಮ ಮಾತು ನಿಮ್ಗೆ ಬಂತು. ಭಾನುವಾರ ನಾನೂ ಬಿಡ್ ಹಾಕ್ತೀನಿ, ಬಿಡೋದಿಲ್ಲ. ಟೀ ಕುಡೀರಿ."

ಟೀ ಕುಡಿದೆವು. ಅವರು ತಮ್ಮ ಪಾರ್ಸೆಲ್ ಕಟ್ಟುವ ಬಗೆಯನ್ನು ನನಗೆ ತೋರಿಸಿದರು. ಕಾಗದದ ವಸ್ತುವನ್ನು ಎರಡು ರಟ್ಟಿನ ನಡುವೆ ಇಡುವಾಗ ರಟ್ಟಿನ ಗೆರೆಗಳು ಒಂದಕ್ಕೊಂದು ಅಡ್ಡವಾಗಿರಬೇಕು, ಆಗ ಬಗ್ಗುವುದಿಲ್ಲ ಎಂದರು. ನಾನು ಬರೆದುಕೊಂಡೆ.

ವಾಪಸಿನ ಬಸ್ಸಿನಲ್ಲಿ ಅಪ್ಪಾಜಿಗೆ ಸಂತೋಷವಾಗಿರಬಹುದು ಎಂದುಕೊಂಡಿದ್ದೆ. ಹಾಗಿರಲಿಲ್ಲ.

"ನೀನು ಬೋಣಿಗೆ ನಂಬ್ತೀಯೇನು?"

"ಇಲ್ಲ ಅಪ್ಪಾಜಿ."

"ಆದ್ರೂ ಅದನ್ನೇ ಹಿಡ್ಕಂಡು ಕೇಳ್ದೆ."

"ಹೌದು."

"ಅವ್ನೂ ಹಂಗೇ ಮಾಡ್ದ."

ಆ ದಿನದ ದಿನಚರಿಯಲ್ಲಿ ಅವರ ಮಾತನ್ನು ಹಾಗೆಯೇ ಬರೆದು, ಕೆಳಗೆ ಏನೂ ಸೇರಿಸಲಿಲ್ಲ. ಈಗಲೂ ಸೇರಿಸಿಲ್ಲ. ನಾನೂ ಹರಿಹರದವರೂ ಒಂದೇ ಬಗೆಯವರು ಎಂದು ಅಪ್ಪಾಜಿ ಹೇಳಿದ್ದು ಸರಿ. ಹರಿಹರದವರು ಹರಾಜು ಮುಚ್ಚಿಸಲು ಕೇಳಿದರು, ನಾನು ತೆರೆದಿಡಲು ಕೇಳಿದೆ ಎಂದು ವಾದಿಸಬಹುದು. ಆದರೆ ಎದುರಿನವರು ಇಲ್ಲ ಅನ್ನಲಾರರು ಎಂದು ಗೊತ್ತಿದ್ದೇ ಬೋಣಿಗೆ ಎಂದು ಹೇಳಿದ್ದು ಎರಡೂ ಕಡೆ ಒಂದೇ.

ಮನೆಗೆ ಬಂದ ಕೂಡಲೇ ವಿವರಣೆಯಿಂದ ಫೋನ್ ನಂಬರ್ ತೆಗೆದೆ. ಅಪ್ಪಾಜಿ ನೋಡುತ್ತಿದ್ದರು, ಬೇಡ ಎನ್ನಲಿಲ್ಲ.

ಭಾನುವಾರ ಸಂಜೆ ಮೂವರೂ ಅಂಗಡಿ ಕೋಣೆಯಲ್ಲಿ ಕೂತೆವು. ಕೊನೆಯ ಕಾಲು ಗಂಟೆಯವರೆಗೆ ಬೆಲೆ ಅಲ್ಲೇ ನಿಂತಿತ್ತು. ಆಮೇಲೆ ಎದ್ದಿತು. ಹರಿಹರದವರು ಹೇಳಿದಂತೆ ಬಂದರು, ಪಟ್ಟು ಹಿಡಿದರು. ಅವರ ಮೇಲೆ ಇನ್ನೊಬ್ಬರು, ಆ ಇನ್ನೊಬ್ಬರ ಮೇಲೆ ಮತ್ತೊಬ್ಬರು. ಅಪ್ಪಾಜಿ ಕುರ್ಚಿಯ ತುದಿಗೆ ಬಂದಿದ್ದರು. "ಇವ್ರೆಲ್ಲ ಎಲ್ಲಿದ್ರು ಇಷ್ಟು ದಿನ?" ಎಂದು ಕೇಳಿದರು. "ಕಾಯ್ತಿದ್ರು," ಎಂದೆ. ಹರಿಹರದವರು ಎರಡನೆಯವರಾಗಿ ಉಳಿದರು. ನಾವು ನೋಡಿಲ್ಲದ ಯಾವುದೋ ಊರಿನವರೊಬ್ಬರು ಗೆದ್ದರು. ಅಪ್ಪಾಜಿ ಬುಧವಾರ ಒಪ್ಪಿದ್ದ ಬೆಲೆಯನ್ನು ಯಾರೂ ಎತ್ತಿ ಆಡಲಿಲ್ಲ. ಅಮ್ಮ ಮಾತ್ರ, "ಇವತ್ತು ಕೇಸರಿಬಾತ್ ಮಾಡಿದ್ರೆ ತಿಂತೀರೋ ಹೆಂಗೆ?" ಎಂದಳು.

ಟೀಚರಮ್ಮನಿಗೆ 'ಎಷ್ಟು ಬಂತು' ಎಂಬುದಕ್ಕಿಂತ 'ಎಷ್ಟು ಜನ ಬಂದರು' ಎಂಬುದೇ ಮುಖ್ಯವಾಗಿತ್ತು. ಹತ್ತೊಂಬತ್ತು ಎಂದು ಫೋನಿನಲ್ಲಿ ಹೇಳಿದಾಗ, "ನಮ್ಮಪ್ಪ ತಂದಾಗ ನಮ್ಮವ್ವ ಬೈದಿದ್ಲು, ಈ ಕಸ ಯಾಕ ತಂದ್ರಿ ಅಂತ," ಎಂದರು.

ದೀಪಾವಳಿಗೆ ಒಂದು ವಾರ ಮೊದಲು, ಸೋಮವಾರ, ನನ್ನ ಹೆಸರಿನ ಮುಂದೆ ನೀಲಿ ಗುರುತು ಬಂತು. ನಾನು ಫೋನ್ ತೋರಿಸಿದೆ. ಅಪ್ಪಾಜಿ ಕನ್ನಡಕ ಹಾಕಿಕೊಂಡು ನೋಡಿ, "ಇಷ್ಟೇನಾ? ಸಾಸಿವೆ ಕಾಳಷ್ಟೈತೆ," ಎಂದರು. ಅಂದು ಸಂಜೆಯೇ ಆ ಕ್ಲಿನಿಕ್ಕಿಗೆ ಹೋಗಿ, ಕೋಣೆ ನಮಗೇ ಬೇಕಾಗಿದೆ ಎಂದು ಮುಖ ನೋಡಿ ಹೇಳಿ ಬಂದರು. ಲಕ್ಷ್ಮೀಪೂಜೆಯ ದಿನ ಖಾಲಿ ಕಪಾಟುಗಳಲ್ಲಿ ನನ್ನ ಪೆಟ್ಟಿಗೆಗಳು ಕೂತವು.

ಷಟರ್ ಎತ್ತುವುದು ಈಗಲೂ ಅಪ್ಪಾಜಿಯೇ. ಕಳೆದ ವಾರ ನಾನು ಒಂದು ಹಳೆಯ ಗೋಡೆ ಗಡಿಯಾರ ಹರಾಜಿಗೆ ಇಟ್ಟಿದ್ದೆ. ಬೆಳಿಗ್ಗೆ ಊದಿನಕಡ್ಡಿಯ ಹೊತ್ತಿಗೇ ತಾಣದಲ್ಲಿ ಯಾರದೋ ಸಂದೇಶ ಬಂತು: ಹರಾಜು ನಿಲ್ಲಿಸಿ ನನಗೇ ಕೊಡುತ್ತೀರಾ ಎಂದು. ಜೋರಾಗಿ ಓದಿ ಹೇಳಿದೆ. ಅಪ್ಪಾಜಿ ಪಟದ ಮುಂದಿನಿಂದ ತಿರುಗಲಿಲ್ಲ.

"ಏನಂತ ಬರ್ದೆ?" ಎಂದರು, ನಾನು ಉತ್ತರ ಕಳಿಸಿದ ಮೇಲೆ.

"ಭಾನುವಾರ ಸಂಜೆ ತನಕ ಯಾರಿಗೂ ಇಲ್ಲ ಅಂತ."

"ಅಷ್ಟೇನಾ?"

"ಗಡಿಯಾರದ ಹಿಂದಿನ ಬಾಗಿಲು ತೆಗ್ದು, ಒಳಗಿನ ಯಂತ್ರದ್ದು ಒಂದು ಫೋಟೋ ತೆಗೆದು ಕಳಿಸ್ದೆ. ಅದನ್ನ ಅಲ್ಲಿ ತನಕ ಯಾರೂ ನೋಡಿರ್ಲಿಲ್ಲ. ಆಮ್ಯಾಲೆ ಎಲ್ಲಾರೂ ನೋಡಾಂಗೆ ಅದನ್ನ ಹರಾಜಿನಾಗೂ ಹಾಕ್ದೆ."

ಅಪ್ಪಾಜಿ ಊದಿನಕಡ್ಡಿಯನ್ನು ಸ್ಟ್ಯಾಂಡಿಗೆ ಸಿಕ್ಕಿಸಿ, ಬೂದಿ ಬಿದ್ದ ಕೈ ಒರೆಸಿಕೊಂಡರು.

"ದಿನಾ ಹಂಗೇ ಮಾಡು. ಮೊದ್ಲು ಕೇಳಿದೋರು ಬರಿಗೈಯಾಗೆ ಹೋಗಬಾರ್ದು, ಒಂದು ಫೋಟೋ ಹೆಚ್ಚಿಗೆ ಕಳಿಸು," ಎಂದು ಹೇಳಿ ಪೇಪರ್ ಬಿಡಿಸಿದರು.

ಅಂದಿನಿಂದ ಹಾಗೆಯೇ ಮಾಡುತ್ತಿದ್ದೇನೆ.